ಬಾಗೇಪಲ್ಲಿ ಸೀಮೆಯ ಸಗಣಿ ಗುಂಡಿ, ದೂರದೇಶದ ದುಡ್ಡು

ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಬಾಗೇಪಲ್ಲಿ ಸುಮಾರು ನೂರು ಕಿಲೋಮೀಟರ್. ದಾರಿಯ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಗುಡಿಬಂಡೆ ಕೋಟೆ, ಗಡಿದಂ ವೆಂಕಟರಮಣನ ಗುಡಿ ಎರಡೂ ಚೆನ್ನಾಗಿವೆ, ಆದರೆ ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಕಾಲು ಕಟ್ಟಿಹಾಕಿದ್ದು ಮಿಟ್ಟೇಮರಿ ಕಡೆಯ ಹಳ್ಳಿಯೊಂದರಲ್ಲಿ, ಮನೆಯ ಹಿತ್ತಿಲಲ್ಲಿದ್ದ ಗೋಬರ್ ಗ್ಯಾಸ್ ಗುಂಡಿ.

ಮೇಲೆ ನೋಡಿದರೆ ಮಣ್ಣಿನ ದಿಬ್ಬ, ನಡುವೆ ಒಂದು ವಾಲ್ವ್, ಅಷ್ಟೇ. ಇದು ದೀನಬಂಧು ಮಾದರಿ, ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವಂಥದ್ದು. ಇಟ್ಟಿಗೆ, ಸಿಮೆಂಟಿನ ಗುಮ್ಮಟ ಪೂರ್ತಿ ನೆಲದೊಳಗಿರುತ್ತದೆ, ತಿರುಗುವ ಭಾಗ ಒಂದೂ ಇಲ್ಲ. ಅನಿಲ ತುಂಬಿದಂತೆ ಸಗಣಿ-ನೀರಿನ ಬಗ್ಗಡವನ್ನು ಹೊರತೊಟ್ಟಿಗೆ ತಳ್ಳುತ್ತದೆ. ಒಲೆ ಹಚ್ಚಿದಂತೆ ಬಗ್ಗಡ ಒಳಕ್ಕೆ ಇಳಿದು ಅನಿಲವನ್ನು ಒತ್ತುತ್ತದೆ. ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ಅಷ್ಟೇ ನೀರು. ನಾಟಿ ಹಸು ದಿನಕ್ಕೆ ಹತ್ತು ಕೆ.ಜಿ. ಹಾಕಿದರೆ ಹೆಚ್ಚು, ಹಾಗಾಗಿ ನಾಲ್ಕೈದು ರಾಸು ಇದ್ದ ಮನೆಯಲ್ಲಿ ಐದು ಜನರ ಅಡುಗೆ ಸಲೀಸು, ಎರಡೇ ಇದ್ದರೆ ಮುದ್ದೆ ಬೇಯುವಷ್ಟರಲ್ಲಿ ಉರಿ ಸೋಲುತ್ತದೆ. ಹೊಸ ಗುಂಡಿಯನ್ನು ಮೊದಲ ಸಲ ತುಂಬಲು ಎರಡು ಟನ್ನಿನಷ್ಟು ಸಗಣಿ ಬೇಕಾಗುತ್ತದೆ. ಒಂದು ಮನೆಯ ಕೊಟ್ಟಿಗೆಯಿಂದ ಅದು ಆಗದ ಮಾತು. ಅಕ್ಕಪಕ್ಕದವರು ಮಂಕರಿಗಳಲ್ಲಿ ತಂದು ಸುರಿಯುತ್ತಾರೆ. ಮೊದಲು ಬರುವ ಅನಿಲ ಹತ್ತುವುದಿಲ್ಲ, ಅದನ್ನು ಬಯಲಿಗೆ ಬಿಡಬೇಕು. ಗಾಳಿ ಬೆರೆತಿರುವಾಗ ಗುಂಡಿಯ ಹತ್ತಿರ ಕಡ್ಡಿ ಗೀರುವುದಂತೂ ಅಪಾಯ.

ಕೆಡುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಪೈಪ್ ಎಲ್ಲಾದರೂ ಜೋತುಬಿದ್ದರೆ ಅಲ್ಲಿ ನೀರು ನಿಂತು ಉರಿ ಕುಣಿಯುತ್ತದೆ. ಪೈಪನ್ನು ಇಳಿಜಾರಾಗಿ ಎಳೆದು, ತಗ್ಗಿನಲ್ಲಿ ನೀರು ಬಸಿಯುವ ನಲ್ಲಿ ಹಾಕಬೇಕು. ಹುಲ್ಲುಕಡ್ಡಿ ಸೇರಿದರೆ ಮೇಲೆ ಕೆನೆಗಟ್ಟಿ ಅನಿಲ ಏಳುವುದಿಲ್ಲ. ಬಚ್ಚಲಿನ ಸೋಪಿನ ನೀರು ಒಳಗೆ ಹೋದರೆ ಅನಿಲ ಮಾಡುವ ಜೀವಾಣುಗಳೇ ಸಾಯುತ್ತವೆ. ಉರಿ ಹಳದಿಯಾದರೆ ಬರ್ನರಿಗೆ ಗಾಳಿ ಸಾಲದು ಎಂದು ಅರ್ಥ. ಸೋರುವಿಕೆ ಹುಡುಕಲು ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಸಾಕು, ಗುಳ್ಳೆ ಎದ್ದ ಕಡೆ ಸೋರುತ್ತಿದೆ.

ಇಂಥ 5,500 ಗುಂಡಿಗಳ ಯೋಜನೆ 2005ರಲ್ಲಿ, ಭೂಮಿ ಬಿಸಿಯೇರಿಸುವ ಹೊಗೆ ಇಳಿಸಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದದ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು. ಹಿಂದೆ ನಿಂತದ್ದು ಇಲ್ಲಿನ ಕೂಲಿಕಾರರು, ಸಣ್ಣ ಹಿಡುವಳಿದಾರರು ಕಟ್ಟಿಕೊಂಡ ಕೂಲಿ ಸಂಘ ಮತ್ತು ಬಾಗೇಪಲ್ಲಿಯ ಸ್ವಯಂಸೇವಾ ಸಂಸ್ಥೆ ಅಡಾಟ್ಸ್. ಲೆಕ್ಕ ಸರಳ: ಸೌದೆ, ಸೀಮೆಎಣ್ಣೆ ಉಳಿದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪಿತು, ಅದರ ಒಂದು ಟನ್ನಿಗೆ ಒಂದು ಕಾರ್ಬನ್ ಕ್ರೆಡಿಟ್, ಅದನ್ನು ಕೊಳ್ಳುವವರು ಶ್ರೀಮಂತ ದೇಶದವರು. ತೊಡಕು ಇರುವುದು ಕಾಲದಲ್ಲಿ. ಒಲೆ ಉರಿದು, ಹೊರಗಿನ ಪರಿಶೋಧಕರು ಬಂದು ದಾಖಲೆ ಒಪ್ಪಿದ ಮೇಲೆಯೇ ಕ್ರೆಡಿಟ್ ಹುಟ್ಟುತ್ತದೆ. ಇಟ್ಟಿಗೆ, ಸಿಮೆಂಟು, ಗಾರೆಯವನ ಕೂಲಿಗೆ ದುಡ್ಡು ಮೊದಲೇ ಬೇಕು. ದೂರದವರ ನಂಟು ಪರೀಕ್ಷೆಗೆ ಬೀಳುವುದು ಇಲ್ಲೇ, ಕ್ರೆಡಿಟ್ ಕೈಗೆ ಬರುವ ಮೊದಲೇ ಹಣ ಹೂಡುವವರು ಯಾರು ಎಂಬಲ್ಲಿ.

ಮನೆಯಾಕೆ ಮೊಣಕೈವರೆಗೂ ಸಗಣಿ ಮಾಡಿಕೊಂಡು ಕಲಸುತ್ತಿದ್ದರು. ಮನೆಮಾತು ತೆಲುಗು, ನಮ್ಮೊಂದಿಗೆ ಕನ್ನಡ.

“ಅಕ್ಕಾ, ನಿಮ್ಮ ಒಲೆ ಉರಿದಿದ್ದಕ್ಕೆ ದೂರದೇಶದೋರು ದುಡ್ಡು ಕೊಡ್ತಾರಂತೆ?”

“ಹೂಂ ಸಾ. ಅವರು ಅಲ್ಲಿ ಹೊಗೆ ಬಿಡ್ತಾರೆ, ನಾವು ಇಲ್ಲಿ ಹೊಗೆ ಉಳಿಸ್ತೀವಿ. ಕೂಲಿ ಕೊಡಬೇಕಲ್ವಾ?”

“ಧರ್ಮಕ್ಕೆ ಕೊಡೋದು ಅಂದ್ಕೊಂಡಿದ್ವಿ.”

“ಧರ್ಮ ಯಾಕೆ? ದಿನಾ ಕಲಸೋದು ನಾನು.”

ಜಗಲಿ ಮೇಲಿದ್ದ ಅತ್ತೆ ತೆಲುಗಿನಲ್ಲಿ ಏನೋ ಗದರಿದರು. ಸೊಸೆ ನಕ್ಕು ಹೇಳಿದರು: “ದುಡ್ಡು ಕೊಟ್ಬಿಟ್ಟು ಅವರು ಹೊಗೆ ಬಿಡ್ತಾನೇ ಇದ್ರೆ ಮಳೆ ಎಲ್ಲಿಂದ ಬರುತ್ತೆ ಅಂತ ಕೇಳು ಅಂತಾರೆ.”

ಈ ವ್ಯಾಪಾರದ ಮೇಲಿರುವ ದೊಡ್ಡ ಆಕ್ಷೇಪವೂ ಅದೇ. ಕೊಂಡವರು ತಮ್ಮ ಹೊಗೆ ಇಳಿಸದಿದ್ದರೆ ಲೆಕ್ಕ ಸೊನ್ನೆ.

“ಹಾಗಾದ್ರೆ ಅವರಿಂದ ಏನು ಬೇಕು ಅಕ್ಕಾ?”

ಆಕೆ ಕೈ ತೊಳೆದುಕೊಂಡು ಬಂದರು. “ಬರಗಾಲದಲ್ಲಿ ಹಸು ಮಾರಿದ್ವಿ ಅಂದ್ರೆ ಒಲೆ ಆರುತ್ತೆ. ಲೆಕ್ಕಾನೂ ನಿಲ್ಲುತ್ತೆ, ದುಡ್ಡೂ ನಿಲ್ಲುತ್ತೆ. ಆವಾಗ ನಿಲ್ಲೋರು ಬೇಕು ಸಾ.”

ಮಾರುಕಟ್ಟೆ ಹಾಗೆ ನಿಲ್ಲುವುದಿಲ್ಲ. 2008ರಲ್ಲಿ ಇಪ್ಪತ್ತು ಯೂರೋ ಮುಟ್ಟಿದ್ದ ಈ ಬಗೆಯ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಕ್ಕೆ ಬಿತ್ತು. ಬೆಲೆ ಬಿದ್ದಾಗಲೂ ವಾಲ್ವ್ ಬದಲಿಸಬೇಕು, ಬಿರುಕಿಗೆ ಗಾರೆ ಹಾಕಬೇಕು. ಆದ್ದರಿಂದ ಕ್ರೆಡಿಟ್ ಕೊಂಡು ರಸೀದಿಯನ್ನು ಗೋಡೆಗೆ ತೂಗುಹಾಕಿಕೊಳ್ಳುವವರಿಗಿಂತ, ರಿಪೇರಿ ನಿಧಿಯನ್ನು ಸಂಘದ ಕೈಗೆ ಬಿಟ್ಟು ವರ್ಷಗಟ್ಟಲೆ ಜೊತೆಗಿರುವ ಸಣ್ಣ ಗುಂಪುಗಳೇ ಮೇಲು. ಒಬ್ಬರ ಕೈಗೆ ನೋಟು ತುರುಕಿ ಫೋಟೊ ತೆಗೆದುಕೊಂಡು ಹೋಗುವವರ ಬಗ್ಗೆ ಹೇಳದಿರುವುದೇ ವಾಸಿ.

ಹೋಗುವವರು ಸಂಘದವರಿಗೆ ಮೊದಲೇ ತಿಳಿಸಿ, ಬೆಳಗ್ಗೆ ಏಳರೊಳಗೆ ಹಳ್ಳಿಯಲ್ಲಿರಿ; ಆಮೇಲೆ ಎಲ್ಲರೂ ಹೊಲದಲ್ಲಿ. ಈ ಸೀಮೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಕುಡಿಯುವ ನೀರು ಜೊತೆಗಿರಲಿ. ಇನ್ನು ಬಸ್ಸು: ಬೋರ್ಡಿನಲ್ಲಿ ಬರೆದ ಸಂಜೆಯ ಬಸ್ಸು ಶಾಲೆಗೆ ರಜೆಯಿದ್ದ ದಿನ ಬರುವುದೇ ಇಲ್ಲ. ಕತ್ತಲಾಗುವವರೆಗೂ ಕಾದ ಮೇಲೆ ಅಂಗಡಿಯವನು ಅದನ್ನು ಹೇಳಿದ, ಅದೂ ಬಾಗಿಲು ಹಾಕುವಾಗ. ಕಡಲೆಕಾಯಿ ಮೂಟೆಯ ಟೆಂಪೊ ಸಿಗದಿದ್ದರೆ ರಾತ್ರಿ ಅಲ್ಲೇ. ಬೆಳಗ್ಗೆ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.