ಅಲುಗಾಡುತ್ತಿರುವುದು ಇಂಪ್ಲಾಂಟೋ, ಸ್ಕ್ರೂನೋ?

ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡ ಕೆಲವು ವರ್ಷಕ್ಕೆ ಅದರ ಮೇಲಿನ ಕ್ಯಾಪ್ ಅಲುಗಾಡಿತೆಂದರೆ ‘ದುಡ್ಡೆಲ್ಲ ನೀರಿಗೆ ಹೋಯ್ತು’ ಅಂತ ಗಾಬರಿಯಾಗುತ್ತದೆ. ಎಷ್ಟೋ ಸಲ ಮೂಳೆಯೊಳಗಿನ ಟೈಟಾನಿಯಂ ಬೇರು, ಅಂದರೆ ಇಂಪ್ಲಾಂಟ್, ಗಟ್ಟಿಯಾಗೇ ಇರುತ್ತದೆ. ಸಡಿಲಾಗಿರುವುದು ಆ ಬೇರಿಗೆ ಕ್ಯಾಪ್ ಹೊರುವ ನಡುವಿನ ತುಂಡನ್ನು, ಅಂದರೆ ಅಬಟ್‌ಮೆಂಟನ್ನು ಬಿಗಿದಿಟ್ಟ, ಸುಮಾರು 2 ಮಿ.ಮೀ. ದಪ್ಪದ ಸ್ಕ್ರೂ.

ಕ್ಯಾಪ್ ತಿರುಗಿದಂತಾಗಿ ನೋವಿಲ್ಲದಿದ್ದರೆ ಸ್ಕ್ರೂ ಮೇಲೆ ಅನುಮಾನ. ಒತ್ತಿದಾಗ ನೋವು, ಬೇರಿನ ಸುತ್ತ ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಇದ್ದರೆ ಮೂಳೆಯ ಹಿಡಿತವೇ ತಪ್ಪಿದೆ, ತೆಗೆಯುವುದೊಂದೇ ದಾರಿ. ಎಕ್ಸ್‌ರೇ ನೇರವಾಗಿ ಬಂದಿರಬೇಕು: ಇಂಪ್ಲಾಂಟಿನ ಎರಡೂ ಬದಿಯ ಮರೆಗಳು (ಸ್ಕ್ರೂನಲ್ಲಿರುವಂಥ ಸುರುಳಿ ಗೆರೆಗಳು) ಸ್ಪಷ್ಟವಾಗಿ ಕಂಡರೆ ಮಾತ್ರ ಅಬಟ್‌ಮೆಂಟ್ ಸಂದಿ ನಂಬಬಹುದು. ಮರೆ ಮಸುಕಾಗಿದ್ದರೆ ಇನ್ನೊಮ್ಮೆ ತೆಗೆಸಿ.

ಬಿಗಿದಾಗ ಸ್ಕ್ರೂ ಕೂದಲೆಳೆಯಷ್ಟು ಹಿಗ್ಗುತ್ತದೆ; ಆ ಹಿಗ್ಗಿನ ಎಳೆತವೇ ಜೋಡಣೆಯನ್ನು ಹಿಡಿದಿಡುವುದು. ಮರೆಯ ಮೇಲಿನ ಸೂಕ್ಷ್ಮ ಉಬ್ಬುಗಳು ಒತ್ತಿಹೋದಾಗ ಎಳೆತ ಸ್ವಲ್ಪ ಇಳಿಯುತ್ತದೆ. ಜೀಪಿನ ಚಕ್ರ ಬದಲಿಸಿ ಸ್ವಲ್ಪ ದೂರ ಹೋದ ಮೇಲೆ ನಟ್ ಮತ್ತೆ ಬಿಗಿಯುವುದಿಲ್ಲವೇ, ಹಾಗೆಯೇ ಇಲ್ಲೂ. ಕಂಪನಿ ಹೇಳಿದ ಟಾರ್ಕಿಗೆ (ತಿರುಗಿಸುವ ಬಲ, ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್) ರೆಂಚಿನಲ್ಲಿ ಬಿಗಿದು, 10 ನಿಮಿಷ ಬಿಟ್ಟು ಅಷ್ಟೇ ಟಾರ್ಕಿಗೆ ಇನ್ನೊಮ್ಮೆ ಬಿಗಿಯಬೇಕು. ಬೆರಳಲ್ಲಿ ಬಿಗಿದು ಕಳಿಸಿದರೆ ಮತ್ತೆ ಸಡಿಲಾಗುತ್ತದೆ. ಹಳೇ ಸ್ಕ್ರೂ ಮತ್ತೆ ಹಾಕುವುದಕ್ಕಿಂತ ಹೊಸದು ಮೇಲು.

1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. ಅವರ ಮಾದರಿಯಲ್ಲಿ ಅಬಟ್‌ಮೆಂಟ್ ಕೂರುವ ಷಟ್ಕೋನ ಇಂಪ್ಲಾಂಟಿನ ತಲೆಯ ಮೇಲೆ, ಹೊರಗಿತ್ತು. ಅಡ್ಡ ಒತ್ತಡವೆಲ್ಲ ಸ್ಕ್ರೂಗೇ ಬೀಳುತ್ತಿತ್ತು. ಜೋಡಣೆ ಒಳಗಿರುವ ಈಗಿನ ಶಂಕುವಿನಾಕಾರದ ಮಾದರಿಗಳಲ್ಲಿ ಈ ಕಾಟ ಕಡಿಮೆ.

ಕಡಿಮೆ ಎಂದರೆ ಇಲ್ಲವೆಂದಲ್ಲ, ಅದರಲ್ಲೂ ಅರಸೀಕೆರೆ, ಕಡೂರು, ತರೀಕೆರೆ ಕಡೆ ಗಟ್ಟಿ ಅಡಿಕೆ ಒಂದೇ ಬದಿಗಿಟ್ಟು ಅಗಿಯುವವರಿಗೆ. ಸ್ವಂತ ಹಲ್ಲು ಬೇರಿನ ನಾರಿನ ಮೇಲೆ ಕೂತಿದ್ದು ಕಚ್ಚಿದಾಗ ತುಸು ಕುಸಿಯುತ್ತದೆ. ಇಂಪ್ಲಾಂಟಿಗೆ ಆ ನಾರಿಲ್ಲ. ಆದ್ದರಿಂದ ಕ್ಯಾಪನ್ನು 8 ಮೈಕ್ರಾನಿನ ಶಿಮ್ ಎಂಬ ತೀರಾ ತೆಳು ಹಾಳೆಯಿಂದ ಪರೀಕ್ಷಿಸಬೇಕು: ಮೆಲ್ಲಗೆ ಕಚ್ಚಿದರೆ ಹಾಳೆ ಜಾರಿ ಬರಬೇಕು, ಜೋರಾಗಿ ಕಚ್ಚಿದರೆ ಸಿಕ್ಕಿಕೊಳ್ಳಬೇಕು. ದವಡೆ ಪಕ್ಕಕ್ಕೆ ಸರಿಸಿದಾಗ ಕ್ಯಾಪ್ ಎದುರು ಹಲ್ಲಿಗೆ ಉಜ್ಜಲೇಬಾರದು. ಇದನ್ನು ನೋಡದೆ ಸ್ಕ್ರೂ ಮಾತ್ರ ಬಿಗಿದರೆ ಏನೂ ಪ್ರಯೋಜನವಿಲ್ಲ.

ಕ್ಯಾಪ್ ಸಿಮೆಂಟಿನಲ್ಲಿ ಅಂಟಿಸಿದ್ದರೆ ಕೊರೆದು ಸ್ಕ್ರೂ ಹುಡುಕಬೇಕಾದೀತು. ದವಡೆ ಹಲ್ಲಿಗೆ ಅಂಟಿಸದೆ ಸ್ಕ್ರೂನಲ್ಲೇ ಬಿಗಿಯುವ ಕ್ಯಾಪೇ ವಾಸಿ; ವಸಡಿನಡಿ ಉಳಿದ ಸಿಮೆಂಟು ಮೂಳೆ ಕರಗಿಸುವ ಭಯವೂ ಇಲ್ಲ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹಾಕಿಸಿಕೊಂಡವರು ಹಾಸನದ ಕ್ಲಿನಿಕ್ಕಿಗೆ ಬಂದಾಗ ದೊಡ್ಡ ತಲೆನೋವು ಸ್ಕ್ರೂಡ್ರೈವರಿನದು. ಒಂದು ಕಂಪನಿಯದು 1.2 ಮಿ.ಮೀ. ಷಟ್ಕೋನ, ಇನ್ನೊಂದರದು 1.25, ಮತ್ತೊಂದರದು ನಕ್ಷತ್ರಾಕಾರ. ಅಳತೆ ತಪ್ಪಿದ ಡ್ರೈವರು ಸ್ಕ್ರೂ ತಲೆ ಸವೆಸಿಬಿಡುತ್ತದೆ. ಪೊಟ್ಟಣದಲ್ಲೇ ಕಂಪನಿ, ಅಳತೆ, ಲಾಟ್ ನಂಬರಿನ ಸ್ಟಿಕ್ಕರ್ ಬಂದಿರುತ್ತದೆ. ಕೇಳಿ ಇಸಿದುಕೊಂಡು ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ.

ಕ್ಯಾಪ್ ಪೂರ್ತಿ ಬಿದ್ದರೆ ಫೆವಿಕ್ವಿಕ್ ಹಾಕಬೇಡಿ. ಅಬಟ್‌ಮೆಂಟ್ ಸಮೇತ ಬಂದಿದ್ದರೆ ವಸಡು ಬೇಗ ಮುಚ್ಚಿಕೊಳ್ಳುತ್ತದೆ. ಮಳೆ ನಿಲ್ಲಲಿ ಅಂತ ಕಾಯದೆ ಒಂದೆರಡು ದಿನದೊಳಗೆ ತೋರಿಸಿ.