ಏನೂ ಬೆಳೆಯದ ಪ್ಲೇಟು

ನಮ್ಮ ಬಯಾಲಜಿ ಕ್ಲಾಸು ಔಷಧ ಕಾರ್ಖಾನೆ ನೋಡಲು ಹೊರಟಿತ್ತು. ಔಷಧ ಕಾರ್ಖಾನೆ ಅಂದರೆ ಕೆಮಿಸ್ಟ್ರಿಯವರ ಜಾಗ, ಬಯಾಲಜಿಯವರಿಗೆ ಅಲ್ಲೇನು ಕೆಲಸ ಅಂತ ಬಸ್ಸಿನಲ್ಲೇ ಚರ್ಚೆ ಶುರುವಾಗಿತ್ತು. ಚೇಂಜ್ ರೂಮಿನಲ್ಲೇ ಅದಕ್ಕೆ ಉತ್ತರ ಸಿಕ್ಕಿತು.

ವಾಚು, ಉಂಗುರ, ಬಳೆ ಎಲ್ಲ ಹೊರಗಿಟ್ಟೆವು. ಕೋಣೆಯ ನಡುವೆ ಅಡ್ಡಲಾಗಿ ಒಂದು ಬೆಂಚು. ಅದರ ಮೇಲೆ ಕೂತು ಒಂದು ಕಾಲಿಗೆ ಕವರ್ ಹಾಕಿ ಆಚೆ ಬದಿಗೆ ಇಡಬೇಕು. ಆಮೇಲೆ ಇನ್ನೊಂದು ಕಾಲು. ಕವರ್ ಹಾಕಿದ ಕಾಲು ಈಚೆ ನೆಲಕ್ಕೆ ತಾಗಿತೋ, ಮತ್ತೆ ಹೊಸ ಕವರ್. ಗಡ್ಡ ಬಿಟ್ಟವರಿಗೆ ಗಡ್ಡಕ್ಕೂ ಒಂದು! "ಇಲ್ಲಿಗೆ ಜಾಸ್ತಿ ಕೊಳೆ ತರೋದು ಮನುಷ್ಯರೇ" ಅಂದರು ನಮ್ಮನ್ನು ಕರೆದೊಯ್ದ ಮೇಡಂ. ನಿಜ ತಾನೇ, ಚರ್ಮ ಉದುರಿಸುತ್ತಾ, ಬ್ಯಾಕ್ಟೀರಿಯಾ ಹೊತ್ತು ಓಡಾಡುವವರು ನಾವೇ.

ಮಾತ್ರೆ ಒತ್ತುವ ಯಂತ್ರ, ಪ್ಯಾಕಿಂಗ್ ಎಲ್ಲ ಗಾಜಿನಾಚೆಯಿಂದ ನೋಡಿದ್ದು. ನನಗೆ ಇಷ್ಟವಾಗಿದ್ದು ಗಾಳಿಯ ಲೆಕ್ಕ. ಮಾತ್ರೆ ತಯಾರಿಸುವ ಕೋಣೆಗಿಂತ ಹೊರಗಿನ ಕಾರಿಡಾರಿನಲ್ಲಿ ಒತ್ತಡ ಜಾಸ್ತಿ, ಪುಡಿ ಹೊರಗೆ ಬರಬಾರದಲ್ಲ. ಇಂಜೆಕ್ಷನ್ ವಿಭಾಗದಲ್ಲಿ ಇದು ಉಲ್ಟಾ. ಅಲ್ಲಿ ಒಳಗಿನ ಕೋಣೆಯಲ್ಲೇ ಒತ್ತಡ ಜಾಸ್ತಿ, ಹೊರಗಿನ ಗಾಳಿ ನುಗ್ಗಬಾರದು.

ಕೊನೆಗೆ ಮೈಕ್ರೋಬಯಾಲಜಿ ಲ್ಯಾಬ್. ನಮ್ಮ ಪ್ರಾಕ್ಟಿಕಲ್‌ನಲ್ಲಿ ಬಳಸುವ ಅದೇ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ), ಅದನ್ನು ಹಾಕಿಡುವ ಅದೇ ಪೆಟ್ರಿ ಪ್ಲೇಟು, ಬೆಚ್ಚಗಿಟ್ಟು ಬೆಳೆಸುವ ಅದೇ ಇನ್‌ಕ್ಯುಬೇಟರ್. ಪ್ಲೇಟುಗಳನ್ನು ಸ್ವಚ್ಛ ಕೋಣೆಯಲ್ಲಿ ಹೆಚ್ಚೆಂದರೆ 4 ಗಂಟೆ ತೆರೆದಿಡುತ್ತಾರೆ. ಗಾಳಿಯಿಂದ ಏನಾದರೂ ಬಿದ್ದಿದ್ದರೆ ಇನ್‌ಕ್ಯುಬೇಟರ್‌ನಲ್ಲಿ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗಿ, ಅಂದರೆ ಕಾಲೊನಿಯಾಗಿ, ಎದ್ದು ಬರುತ್ತದೆ. ಒಳಗೆ ಕೆಲಸ ಮಾಡುವವರ ಗ್ಲೌಸಿನ ಬೆರಳುಗಳನ್ನೂ ಅಗಾರ್ ಮೇಲೆ ಒತ್ತಿಸುತ್ತಾರೆ. ನಮ್ಮ ಪ್ರಾಕ್ಟಿಕಲ್‌ನಲ್ಲಿ ಏನೂ ಬೆಳೆಯದಿದ್ದರೆ ಮುಖ ಬಾಡುತ್ತದೆ. ಇಲ್ಲಿ ಖಾಲಿ ಪ್ಲೇಟು ಕಂಡರೆ ನೆಮ್ಮದಿ.

"ಅಗಾರೇ ಕೆಟ್ಟಿದ್ರೂ ಪ್ಲೇಟು ಖಾಲಿ ಇರುತ್ತಲ್ವಾ ಮೇಡಂ?" ಅಂತ ಗೆಳತಿ ಕೇಳಿದಳು. ಮೇಡಂ ಮುಖ ಅರಳಿತು. ಇನ್ನೊಂದು ಟ್ರೇ ಎಳೆದು ತೋರಿಸಿದರು. ಪ್ರತಿ ಬ್ಯಾಚ್ ಅಗಾರಿಗೂ ಗೊತ್ತಿರುವ ಬ್ಯಾಕ್ಟೀರಿಯಾವನ್ನು, ಅದೂ 100ಕ್ಕಿಂತ ಹೆಚ್ಚಿಲ್ಲದಷ್ಟು, ಹಾಕಿ ಬೆಳೆಸಿ ನೋಡುತ್ತಾರಂತೆ. ಅಷ್ಟು ಕಡಿಮೆ ಇದ್ದರೂ ಬೆಳೆಯಬೇಕು. ಇಲ್ಲದಿದ್ದರೆ ಆ ಬ್ಯಾಚ್ ಬಳಸುವಂತಿಲ್ಲ. ಖಾಲಿ ಪ್ಲೇಟನ್ನು ನಂಬೋಕೂ ಇಷ್ಟು ಕಸರತ್ತು!

ಹೊರಡುವ ಹೊತ್ತಿಗೆ ಗೆಳತಿ ಇಂಟರ್ನ್‌ಶಿಪ್ ಬಗ್ಗೆ ವಿಚಾರಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಹೋಗಿ ನಿಂತೆ.