ಕೋಡಿ ನೀರು ಮತ್ತು ವಿಆರ್ ಕನ್ನಡಕ

ಕೋಲಾರದಂಥ ಬರದ ಸೀಮೆಯಲ್ಲಿ ಮಕ್ಕಳಿಗೆ ವಿಆರ್ (ಹಾಕಿಕೊಂಡರೆ ದೃಶ್ಯದೊಳಗೇ ಇದ್ದ ಹಾಗೆ ಕಾಣಿಸೋ ಕನ್ನಡಕ) ಹಾಕಿಸಿ ಪ್ರವಾಹದ ಪಾಠ ಯಾಕೆ ಅನ್ನೋರು 2021ರ ನವೆಂಬರ್ ನೆನಪಿಸಿಕೊಳ್ಳಲಿ. ಎಷ್ಟೋ ವರ್ಷ ಒಣಗಿದ್ದ ಕೆರೆಗಳೂ ಕೋಡಿ ಬಿದ್ದಿದ್ದವು. ಈಜು ಬಾರದ ಮಕ್ಕಳು, ಸೆಲ್ಫಿಗೆ ನಿಂತ ದೊಡ್ಡವರು, ಕೋಡಿ ನೀರು ಮೇಲೆ ಹರಿಯೋ ರಸ್ತೆ. ವಿಆರ್‌ನಲ್ಲಿ ತೋರಿಸಬೇಕಾದ್ದು ಇದನ್ನೇ, ಯಾವುದೋ ದೇಶದ ಸುನಾಮಿ ಅಲ್ಲ.

ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರೂ ಬೀಳಬಹುದು, 30 ಸೆಂ.ಮೀ.ಗೆ ಸಣ್ಣ ಕಾರು ತೇಲಬಹುದು. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಕೆಂಪು ನೀರಿನಡಿ ರಸ್ತೆಯ ಅಂಚು ಕೊಚ್ಚಿಹೋಗಿದ್ದರೂ ಕಾಣಲ್ಲ. ಕನ್ನಡಕದೊಳಗೆ ಕಾಣೋದು ನೀರು ಮಾತ್ರ, ಕಾಲಿಗೆ ತಳ್ಳು ಸಿಗಲ್ಲ. ಹಾಗಾಗಿ ಮೊದಲು ಮಕ್ಕಳ ಕಾಲ ಮೇಲೇ 15 ಸೆಂ.ಮೀ.ಗೆ ಸೀಮೆಸುಣ್ಣದ ಗೆರೆ ಎಳೀರಿ. ಇಲ್ಲಾಂದ್ರೆ ಅದು ಬರೀ ವಿಡಿಯೋ ಗೇಮ್.

ಕನ್ನಡಕ ಹಾಕಿದ ಮಕ್ಕಳನ್ನು ನಿಲ್ಲಿಸಬೇಡಿ, ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ಕಣ್ಣಿಗೆ ಚಲನೆ, ಕಿವಿಯೊಳಗಿನ ಸಮತೋಲನಕ್ಕೆ ನಿಶ್ಚಲ: ತಲೆಸುತ್ತು, ವಾಂತಿ ಬರೋದೇ ಅದಕ್ಕೆ. ಐದು ನಿಮಿಷ ಸಾಕು. ಲೆನ್ಸ್‌ಗೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ, ಸ್ಪಿರಿಟ್ ಬೇಡ, ಕೋಟಿಂಗ್ ಹೋಗುತ್ತೆ. ಬಿಸಿಲಿಗಂತೂ ಲೆನ್ಸ್ ಒಡ್ಡಲೇಬೇಡಿ, ಒಳಗಿನ ಪರದೆ ಸುಡುತ್ತೆ.

ಕನ್ನಡಕ ತೆಗೆದ ಕೂಡಲೇ ಒಂದೇ ಪ್ರಶ್ನೆ: ನೀರು ದಾಟಿದ್ಯಾ, ವಾಪಸ್ ಬಂದ್ಯಾ? ದಾಟಿದೆ ಅಂದ ಮಗುವಿಗೆ ಇನ್ನೊಂದು ಸುತ್ತು.